ಕೊನೆಗೆ ಅದು ಎಲ್ಲಿಗೆ ಹೋಗುತ್ತದೆ?

ಪುಟ್ಟಿ, ಎಂಎಸ್ಸಿ ಪ್ರಾಜೆಕ್ಟಿಗೆ ಕಾಫಿ ಹೊಟ್ಟಿನ ಸೆಲ್ಯುಲೋಸ್ ಹಿಡಿದಿದ್ದೀಯಂತೆ, ಕೇಳಿ ಹಿಗ್ಗಿದೆ. ಕಾಫಿ ಹೊಟ್ಟು ಬಿಡಿಸುವ ಹಲ್ಲರ್ ಯಂತ್ರದ ಹಿಂದೆ ಗುಡ್ಡೆ ಬಿದ್ದು ಗೊಬ್ಬರಕ್ಕೋ ಒಲೆಗೋ ಹೋಗುವ ಹೊಟ್ಟು ಅದು. ಕ್ಷಾರದಲ್ಲಿ ಬೇಯಿಸಿ ಲಿಗ್ನಿನ್ ಬಿಡಿಸಿ, ಪೆರಾಕ್ಸೈಡಿನಲ್ಲಿ ಬಿಳುಪು ಮಾಡಿ, ಗಂಧಕಾಮ್ಲಕ್ಕೆ ಒಡ್ಡಿದರೆ ನ್ಯಾನೋ ಗಾತ್ರದ ಹರಳುಗಳು ಸಿಗುತ್ತವೆ. ಆ ಹರಳುಗಳು ತೇಲುವ ನೀರಿಗೆ ಕಬ್ಬಿಣದ ಲವಣಗಳನ್ನು, ಫೆರಸ್ ಒಂದು ಪಾಲು, ಫೆರಿಕ್ ಎರಡು ಪಾಲು, ಬೆರೆಸಿ ಅಮೋನಿಯಾ ಹನಿಸು. ಕಂದು ನೀರು ನೋಡನೋಡುತ್ತ ಕಪ್ಪಾಗುತ್ತದೆ. ಅದು ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಆಕ್ಸೈಡ್. ಸೀಸೆಯ ಪಕ್ಕ ಅಯಸ್ಕಾಂತ ಹಿಡಿದರೆ ಕಪ್ಪೆಲ್ಲ ಆ ಬದಿಗೆ ಸರಿದು ನೀರು ತಿಳಿಯಾಗುತ್ತದೆ. ತೆಗೆದು ಅಲುಗಿಸಿದರೆ ಮತ್ತೆ ಹರಡಿಕೊಳ್ಳುತ್ತದೆ. ಕಣ 20 ನ್ಯಾನೋಮೀಟರಿಗಿಂತ ಚಿಕ್ಕದಿದ್ದರೆ ಅಯಸ್ಕಾಂತ ದೂರವಾದೊಡನೆ ಅದರ ಸೆಳೆತವೂ ಹೋಗುತ್ತದೆ. ಮುದ್ದೆ ಕಟ್ಟದಂತೆ ಸೆಲ್ಯುಲೋಸ್ ಹಿಡಿದಿಡುತ್ತದೆ. ಔಷಧಿಯನ್ನು ರೋಗವಿದ್ದ ಜಾಗಕ್ಕೆ ಒಯ್ಯಲು, ಎಂಆರ್‌ಐ ಚಿತ್ರ ಸ್ಪಷ್ಟವಾಗಲು, ರಕ್ತದ ಮಾದರಿಯಿಂದ ಬೇಕಾದ ಜೀವಕೋಶ ಹೆಕ್ಕಲು ಜಗತ್ತು ಇಂಥ ಕಣಗಳ ಬೆನ್ನು ಬಿದ್ದಿರುವುದು ಈ ಗುಣಗಳಿಗಾಗಿಯೇ.

ಮ್ಯಾಗ್ನೆಟೈಟ್ ನಮ್ಮ ಕಳಸ ಸೀಮೆಗೆ ಹೊಸದಲ್ಲ. ಕುದುರೆಮುಖದಲ್ಲಿ ಅಗೆದದ್ದು ಅದನ್ನೇ. ಅರೆದು ನೀರಲ್ಲಿ ಕಲಸಿ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಉಳಿದ ಹುಡಿ ಲಕ್ಯಾ ಅಣೆಕಟ್ಟೆಯ ಹಿಂದೆ ತುಂಬಿತು, ಮಳೆಗಾಲದಲ್ಲಿ ಗಣಿಯ ಮಣ್ಣು ಭದ್ರೆಗೆ ಇಳಿಯಿತು. ಸುಪ್ರೀಂ ಕೋರ್ಟ್ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಅದಿರು ಎಲ್ಲಿಗೆ ಹೋಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಹೂಳು ಎಲ್ಲಿಗೆ ಹೋಗುತ್ತದೆಂದು ಮೊದಲೇ ಕೇಳಿದವರು ಕಡಿಮೆ.

ನಿನ್ನ ಕಣದ ಬಗ್ಗೆಯೂ ಅದನ್ನೇ ಕೇಳು. ಕಬ್ಬಿಣವನ್ನು ದೇಹ ಕರಗಿಸಿ ರಕ್ತಕ್ಕೆ ಬಳಸಿಕೊಳ್ಳಬಲ್ಲದು. ಸಕ್ಕರೆಯ ಸರಪಳಿ ಹೊದ್ದ ಕಬ್ಬಿಣದ ಆಕ್ಸೈಡ್ ಕಣಗಳ ಫೆರುಮಾಕ್ಸಿಟಾಲ್‌ಗೆ, ಮೂತ್ರಪಿಂಡದ ಕಾಯಿಲೆಯವರ ರಕ್ತಹೀನತೆಗೆಂದು, ಅಮೆರಿಕದಲ್ಲಿ 2009ರಲ್ಲೇ ಒಪ್ಪಿಗೆ ಸಿಕ್ಕಿದೆ. ಆದರೆ ಸೆಲ್ಯುಲೋಸನ್ನು ಒಡೆಯುವ ಕಿಣ್ವ ನಮ್ಮ ಮೈಯಲ್ಲಿಲ್ಲ. ರಕ್ತಕ್ಕೆ ಸೇರಿದ ಹರಳು ಯಕೃತ್ತಿನಲ್ಲಿ, ಗುಲ್ಮದಲ್ಲಿ ಉಳಿದುಬಿಟ್ಟರೆ? ಅದಕ್ಕೇ ಮೊದಲು ಮೈಯ ಹೊರಗಿನ ಕೆಲಸ ಆರಿಸಿಕೋ; ರಕ್ತದ ಮಾದರಿ ಶೋಧಿಸುವುದೇ ದೊಡ್ಡ ಕೆಲಸ. ‘ಕ್ಯಾನ್ಸರಿಗೆ ಕಾಫಿ ಹೊಟ್ಟು’ ಎಂದು ಅವಸರದಲ್ಲಿ ಪತ್ರಿಕೆಯವರ ಮುಂದೆ ಹೇಳಬೇಡ. ಕಾಯಿಲೆ ಬಿದ್ದವರ ಮನೆಯವರು ಅದನ್ನು ನಂಬಿ ಬಾಗಿಲಿಗೆ ಬರುತ್ತಾರಮ್ಮ.

ಹೊಟ್ಟು ತೊಳೆದ ನೀರಿನ ಲೆಕ್ಕವೂ ಇರಲಿ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ನೀರು ಹಳ್ಳಕ್ಕೆ ಬಿಟ್ಟರೆ ಏನಾಗುತ್ತದೆಂದು ಕಂಡು ಬೆಳೆದವಳು ನೀನು. ಒಂದು ಗ್ರಾಂ ಹರಳಿಗೆ ಎಷ್ಟು ಲೀಟರ್ ಆಮ್ಲದ ನೀರು ಬಂತು, ಅದನ್ನು ಏನು ಮಾಡಿದೆ ಎಂಬುದನ್ನು ವರದಿಯಲ್ಲಿ ಬರೆ. ಯಾರೂ ಕೇಳದಿದ್ದರೂ ಬರೆ. ರಜೆಗೆ ಬಂದಾಗ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೆ ಹೋಗಿ, ತೊಳೆದ ನೀರಿನ ವಿಚಾರ ಬಲ್ಲವರ ಹತ್ತಿರ ಕೂತು ಮಾತಾಡಿಕೊಂಡು ಬಾ.