ನಿವೇಶನ ಮಾರಾಟದಲ್ಲಿ ಅಂಚೆ ಕಾರ್ಡಿನ ಬೆಲೆ: ಒಂದು ಲೆಕ್ಕಾಚಾರ

ನಮ್ಮ ದೇಶದಲ್ಲಿ ಅಂಚೆ ಕಾರ್ಡು 1879ರ ಜುಲೈ ತಿಂಗಳಿನಲ್ಲಿ ಕಾಲಣೆಯ ಬೆಲೆಗೆ ಬಳಕೆಗೆ ಬಂದಿತು. 2002ರಲ್ಲಿ ಅಂಚೆ ಇಲಾಖೆಯು ವಿಳಾಸದ ಬದಿಯಲ್ಲಿ ಜಾಹೀರಾತು ಮುದ್ರಿಸಿದ ‘ಮೇಘದೂತ’ ಕಾರ್ಡನ್ನು 25 ಪೈಸೆಗೆ ಒದಗಿಸಿ, ಕಾರ್ಡು ವ್ಯಾಪಾರದ ಸಾಧನವೂ ಆಗಬಲ್ಲದೆಂಬುದನ್ನು ತೋರಿಸಿಕೊಟ್ಟಿತು. ನಿವೇಶನ, ಮಳಿಗೆ, ಮನೆಗಳ ಮಾರಾಟಕ್ಕೆ ಈ ಸಾಧನವನ್ನು ಬಳಸಬಯಸುವ ಸದಸ್ಯರು ವೆಚ್ಚ ಮಾಡುವ ಮೊದಲು ಗಮನಿಸಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಕಾರ್ಡಿನ ಗುಣ

ಕಾರ್ಡಿಗೆ ಲಕೋಟೆಯಿಲ್ಲ, ತೆರೆಯದೆಯೇ ಓದಬಹುದು. ನಿವೇಶನದ ಖರೀದಿ ಒಬ್ಬರ ತೀರ್ಮಾನವಲ್ಲ, ಮನೆಮಂದಿಯೆಲ್ಲ ಕುಳಿತು ಯೋಚಿಸುವ ವಿಷಯ. ಹೆಸರು ಬರೆದು ಬಂದ ಕಾರ್ಡು ಮನೆಯಲ್ಲಿ ಕೈಯಿಂದ ಕೈಗೆ ಸಾಗುತ್ತದೆ. ಆದರೆ ಅದರಲ್ಲಿ ಸ್ಥಳ ಕಡಿಮೆ. ಆದ್ದರಿಂದ ಒಂದು ಕಾರ್ಡಿಗೆ ಒಂದೇ ವಿಷಯವಿರಲಿ: ಸ್ವತ್ತು ಎಲ್ಲಿದೆ, ಅಳತೆ ಎಷ್ಟು, ಯಾರನ್ನು ಕಾಣಬೇಕು.

ವೆಚ್ಚದ ಲೆಕ್ಕ

ಉದಾಹರಣೆಗೆ, ಒಂದು ಬಡಾವಣೆಯ ಮಾಲೀಕರು 2,000 ವಿಳಾಸಗಳಿಗೆ ಮೂರು ಬಾರಿ ಕಾರ್ಡು ಕಳುಹಿಸಿದರೆಂದು ಭಾವಿಸೋಣ. ಮುದ್ರಣ, ವಿಳಾಸ ಬರಹ, ಅಂಚೆ ಶುಲ್ಕ ಸೇರಿ ಕಾರ್ಡೊಂದಕ್ಕೆ 12 ರೂ. ಆದರೆ ಒಟ್ಟು ವೆಚ್ಚ 72,000 ರೂ. ವಿಚಾರಿಸಿದವರು 30, ಸ್ಥಳಕ್ಕೆ ಬಂದವರು 12, ಕೊಂಡವರು 2. ಅಂದರೆ ವಿಚಾರಣೆಯೊಂದಕ್ಕೆ 2,400 ರೂ., ಭೇಟಿಯೊಂದಕ್ಕೆ 6,000 ರೂ., ಮಾರಾಟವೊಂದಕ್ಕೆ 36,000 ರೂ. ತಗುಲಿತು.

ಇದು ಲಾಭವೋ ನಷ್ಟವೋ ಎಂಬುದನ್ನು ನಿವೇಶನವೊಂದರಲ್ಲಿ ಉಳಿಯುವ ಮೊಬಲಗು ನಿರ್ಧರಿಸುತ್ತದೆ. ಪ್ರಚಾರದ ವೆಚ್ಚಕ್ಕೆ ಮುನ್ನ 1,50,000 ರೂ. ಉಳಿಯುವುದಾದರೆ ಕಾರ್ಡು ಸಾರ್ಥಕ. 30,000 ರೂ. ಮಾತ್ರ ಉಳಿಯುವುದಾದರೆ ಎರಡು ನಿವೇಶನ ಮಾರಿಯೂ 12,000 ರೂ. ಕೈಯಿಂದ ಹೋಗುತ್ತದೆ.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಈ 2,000ದಲ್ಲಿ 500 ವಿಳಾಸಗಳು ಹಳೆಯ ಗ್ರಾಹಕರದು ಹಾಗೂ ಅವರು ಸೂಚಿಸಿದವರದು. ಉಳಿದ 1,500 ಹೊರಗಿನಿಂದ ಕೊಂಡ ಪಟ್ಟಿಯದು. ಎರಡೂ ಮಾರಾಟಗಳು ಮೊದಲ ಪಟ್ಟಿಯಿಂದಲೇ ಬಂದಿದ್ದರೆ, 18,000 ರೂ. ಫಲ ಕೊಟ್ಟಿತು, 54,000 ರೂ. ವ್ಯರ್ಥವಾಯಿತು. ಮಾರಾಟವೊಂದರ ನಿಜವಾದ ವೆಚ್ಚ 9,000 ರೂ. ಮಾತ್ರ. ಕಾರ್ಡಿನ ಬೆಲೆ ಕಾರ್ಡಿನಲ್ಲಿಲ್ಲ, ವಿಳಾಸದ ಪಟ್ಟಿಯಲ್ಲಿದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈ ವ್ಯತ್ಯಾಸ ತಿಳಿಯಬೇಕಾದರೆ ಪ್ರತಿ ಪಟ್ಟಿಯ ಕಾರ್ಡಿಗೂ ಬೇರೆ ಗುರುತಿನ ಅಕ್ಷರ ಮುದ್ರಿಸಬೇಕು. ವಿಚಾರಿಸಿದವರ ಗುರುತನ್ನು ಒಂದು ವಹಿಯಲ್ಲಿ ದಾಖಲಿಸಬೇಕು. ವಿಳಾಸದಾರರಿಲ್ಲದೆ ಹಿಂದಿರುಗಿದ ಕಾರ್ಡುಗಳ ವಿಳಾಸವನ್ನು ಪಟ್ಟಿಯಿಂದ ತೆಗೆಯಬೇಕು. ಮುದ್ರಿತ ಕಾರ್ಡಿನ ಅಂಚೆ ಶುಲ್ಕವು ಕೈಬರಹದ ಕಾರ್ಡಿನ ಶುಲ್ಕಕ್ಕೆ ಸಮನೆಂದು ಊಹಿಸದೆ ಅಂಚೆ ಕಚೇರಿಯಲ್ಲಿ ಮೊದಲೇ ವಿಚಾರಿಸುವುದು ಲೇಸು.

ತೆರಿಗೆಯ ಅಂಶವೂ ಇದೆ. 2019ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶೇ. 1 ಮತ್ತು ಶೇ. 5ರ ಜಿಎಸ್‌ಟಿ ಕ್ರಮದಲ್ಲಿ ವಸತಿ ಘಟಕ ಮಾರುವವರಿಗೆ ಹೂಡುವಳಿ ತೆರಿಗೆ ಜಮೆ ಲಭ್ಯವಿಲ್ಲ. ಬರಿಯ ನಿವೇಶನ ಮಾರಾಟಕ್ಕೆ ಜಿಎಸ್‌ಟಿ ಇಲ್ಲದ ಕಾರಣ ಅಲ್ಲಿಯೂ ಜಮೆಯಿಲ್ಲ. ಆದುದರಿಂದ ಮುದ್ರಣದ ಬಿಲ್ಲನ್ನು ತೆರಿಗೆ ಸಹಿತವಾಗಿಯೇ ವೆಚ್ಚಕ್ಕೆ ಹಿಡಿಯಬೇಕು.

ಕಾನೂನಿನ ಕಟ್ಟು

ಸ್ಥಿರಾಸ್ತಿ (ನಿಯಂತ್ರಣ ಮತ್ತು ಅಭಿವೃದ್ಧಿ) ಅಧಿನಿಯಮ, 2016ರ ಅರ್ಥದಲ್ಲಿ ಅಂಚೆ ಕಾರ್ಡೂ ಒಂದು ಜಾಹೀರಾತು. ‘ರೇರಾ’ ಎಂದೇ ಪರಿಚಿತವಾದ ಈ ಕಾನೂನಿನ 3ನೇ ಪ್ರಕರಣದಂತೆ ಯೋಜನೆಯನ್ನು ನೋಂದಾಯಿಸದೆ ಜಾಹೀರಾತು ನೀಡುವಂತಿಲ್ಲ. ಭೂಮಿ 500 ಚದರ ಮೀಟರ್ ಮೀರದಿದ್ದಲ್ಲಿ, ಅಥವಾ ಎಲ್ಲ ಹಂತಗಳೂ ಸೇರಿ ಘಟಕಗಳು 8ನ್ನು ಮೀರದಿದ್ದಲ್ಲಿ ವಿನಾಯಿತಿಯಿದೆ. ಉಲ್ಲಂಘಿಸಿದರೆ ಯೋಜನೆಯ ಅಂದಾಜು ವೆಚ್ಚದ ಶೇ. 10ರವರೆಗೆ ದಂಡ ವಿಧಿಸಬಹುದು. 2 ಕೋಟಿ ರೂ. ಯೋಜನೆಗೆ ಅದು 20 ಲಕ್ಷ ರೂ.ವರೆಗೆ ಆಗಬಹುದು, 72,000 ರೂ. ಪ್ರಚಾರದ ಮುಂದೆ ಈ ಮೊತ್ತವನ್ನು ಇಟ್ಟು ನೋಡಿರಿ.

11ನೇ ಪ್ರಕರಣದಂತೆ ನೋಂದಣಿ ಸಂಖ್ಯೆ ಮತ್ತು ಪ್ರಾಧಿಕಾರದ ಜಾಲತಾಣದ ವಿಳಾಸವು ಜಾಹೀರಾತಿನಲ್ಲಿ ಎದ್ದು ಕಾಣುವಂತೆ ಇರಬೇಕು. ಸ್ಥಳ ಸಾಲದೆಂದು ಇವನ್ನು ಬಿಡುವಂತಿಲ್ಲ. ಇನ್ನು 12ನೇ ಪ್ರಕರಣ: ಜಾಹೀರಾತಿನ ಸುಳ್ಳು ಹೇಳಿಕೆಯನ್ನು ನಂಬಿ ಹಣ ಕೊಟ್ಟು ನಷ್ಟ ಹೊಂದಿದವರಿಗೆ ಪರಿಹಾರ ಕೊಡಬೇಕು, ಅವರು ಹಿಂದೆ ಸರಿಯಬಯಸಿದರೆ ಪೂರ್ತಿ ಹಣವನ್ನು ಬಡ್ಡಿ ಸಹಿತ ಮರಳಿಸಬೇಕು. ‘ಬಸ್ ನಿಲ್ದಾಣಕ್ಕೆ ಐದೇ ನಿಮಿಷ’ ಎಂದು ಅಚ್ಚು ಹಾಕಿಸುವ ಮುನ್ನ ಒಮ್ಮೆ ನಡೆದು ನೋಡುವುದು ಒಳಿತು.

ಕೊಳ್ಳುವವರಿಗೆ

ನಮ್ಮ ಸದಸ್ಯರಲ್ಲಿ ಮಾರುವವರಿಗಿಂತ ಇಂತಹ ಕಾರ್ಡುಗಳನ್ನು ಪಡೆಯುವವರೇ ಹೆಚ್ಚು. ಅವರೂ ಮೊದಲು ನೋಂದಣಿ ಸಂಖ್ಯೆಯನ್ನು ಪ್ರಾಧಿಕಾರದ ಜಾಲತಾಣದಲ್ಲಿ ಪರಿಶೀಲಿಸಲಿ. ನೋಂದಾಯಿತ ಕರಾರಿಗೆ ಮುನ್ನ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವುದನ್ನು 13ನೇ ಪ್ರಕರಣ ನಿಷೇಧಿಸಿದೆ. ಕಾರ್ಡನ್ನು ಕಡತದಲ್ಲಿಟ್ಟುಕೊಳ್ಳಿರಿ, ವಿವಾದ ಬಂದಾಗ ಮಾರಾಟಗಾರರ ಮುದ್ರಿತ ಮಾತಿಗೆ ಅದೇ ಸಾಕ್ಷಿ.

ಮಾರುವವರಾದರೋ ಮೊದಲು ಹಳೆಯ ಗ್ರಾಹಕರ ಪಟ್ಟಿಯನ್ನು ಸರಿಪಡಿಸಿ, ಇನ್ನೂರು ಕಾರ್ಡುಗಳಿಂದ ಆರಂಭಿಸಲಿ. ಫಲವನ್ನು ವಹಿಯಲ್ಲಿ ಕಂಡ ನಂತರ ಎರಡು ಸಾವಿರಕ್ಕೆ ಹೋಗಬಹುದು.