ಡ್ರೆಸ್ಡೆನ್‌ನ ಕಪ್ಪು ಕಲ್ಲುಗಳು

ಪ್ರಶ್ನೆ: ಬರ್ಲಿನ್‌ನಲ್ಲಿರುವ ಮಗಳ ಮನೆಗೆ ಹೊರಟಿದ್ದೇವೆ. ಒಂದು ದಿನ ಡ್ರೆಸ್ಡೆನ್‌ಗೂ ಹೋಗಿ ಬರೋಣ ಎನ್ನುತ್ತಾಳೆ. ಯುದ್ಧದಲ್ಲಿ ಆ ಊರು ನೆಲಸಮವಾಗಿತ್ತು, ಈಗಿರುವುದೆಲ್ಲ ಮತ್ತೆ ಕಟ್ಟಿದ್ದು ಎಂದು ಓದಿದ್ದೇನೆ. ಹಾಗಾದರೆ ಹಳೆಯ ವಾಸ್ತುಶಿಲ್ಪವೆಂದು ಅಲ್ಲಿ ನೋಡುವುದಾದರೂ ಏನನ್ನು?

ಉತ್ತರ: ಖಂಡಿತ ಹೋಗಿ ಬನ್ನಿ, ರೈಲಿನಲ್ಲಿ ಸುಮಾರು ಎರಡು ಗಂಟೆಯ ದಾರಿ. ನೀವು ಓದಿದ್ದು ಬಹುಮಟ್ಟಿಗೆ ನಿಜ. 1945ರ ಫೆಬ್ರವರಿ 13ರ ರಾತ್ರಿ ಶುರುವಾದ ಬ್ರಿಟಿಷ್ ಮತ್ತು ಅಮೆರಿಕನ್ ಬಾಂಬ್ ದಾಳಿಯಲ್ಲಿ ಊರಿನ ನಡುಭಾಗ ಸುಟ್ಟುಹೋಯಿತು. ಸತ್ತವರು 25,000ದವರೆಗೆ ಎಂದು ಇತಿಹಾಸಕಾರರ ಸಮಿತಿ ಲೆಕ್ಕ ಹಾಕಿದೆ. ಆದರೆ ಹೇಗೆ ಮತ್ತೆ ಕಟ್ಟಿದರು ಎಂಬುದನ್ನು ನೋಡುವುದಕ್ಕೇ ಅಲ್ಲಿಗೆ ಹೋಗಬೇಕು ಎನ್ನುವವನು ನಾನು.

ಮೊದಲು ಫ್ರಾವೆನ್‌ಕಿರ್ಶ ಚರ್ಚಿಗೆ ಹೋಗಿ. ಬಡಗಿ ಕೆಲಸದಿಂದ ಮೇಲೆ ಬಂದ ಗೇಯೋರ್ಗ್ ಬೇರ್ ಇದರ ವಾಸ್ತುಶಿಲ್ಪಿ. 1726ರಲ್ಲಿ ಶುರುವಾದ ಕೆಲಸ 1743ರಲ್ಲಿ ಮುಗಿಯಿತು. ಅದನ್ನು ನೋಡಲು ಬೇರ್ ಬದುಕಿರಲಿಲ್ಲ. ಗಂಟೆಯಾಕಾರದ ಗುಮ್ಮಟ ಪೂರ್ತಿ ಕಲ್ಲಿನದು. ದಾಳಿಯ ರಾತ್ರಿ ಅದು ಬೀಳಲಿಲ್ಲ. ಬೆಂಕಿಯ ಕಾವಿಗೆ ಒಳಗಿನ ಕಂಬಗಳು ಸೋತು, 15ರ ಬೆಳಿಗ್ಗೆ ಕುಸಿಯಿತು. ಪೂರ್ವ ಜರ್ಮನಿಯ ಕಾಲದುದ್ದಕ್ಕೂ ಆ ಕಲ್ಲುರಾಶಿ ಯುದ್ಧದ ಸ್ಮಾರಕವಾಗಿ ಹಾಗೆಯೇ ಬಿದ್ದಿತ್ತು.

ಎರಡು ಜರ್ಮನಿಗಳು ಒಂದಾದ ಮೇಲೆ ರಾಶಿಯನ್ನು ಬಿಡಿಸಿದರು. ಕಲ್ಲುಗಳನ್ನು ಅಳೆದು, ಫೋಟೋ ತೆಗೆದು, ಬಿದ್ದ ಜಾಗವನ್ನು ಗುರುತು ಹಾಕಿಕೊಂಡು, ಮೊದಲು ಯಾವ ಗೋಡೆಯ ಯಾವ ಎತ್ತರದಲ್ಲಿದ್ದವೆಂದು ಕಂಪ್ಯೂಟರಿನ ನೆರವಿನಿಂದ ಹುಡುಕಿದರು. 1994ರಲ್ಲಿ ಕಟ್ಟಲು ತೊಡಗಿ 2005ರ ಅಕ್ಟೋಬರ್ 30ರಂದು ಚರ್ಚನ್ನು ಮತ್ತೆ ಪ್ರತಿಷ್ಠಾಪಿಸಿದರು.

ಹೊರಗೋಡೆಯ ಹತ್ತಿರ ನಿಂತು ನೋಡಿ. ತಿಳಿಹಳದಿ ಕಲ್ಲುಗಳ ನಡುವೆ ಅಲ್ಲೊಂದು ಇಲ್ಲೊಂದು ಕಪ್ಪು ಕಲ್ಲು ಕಾಣುತ್ತದೆ. ಅವು ರಾಶಿಯಿಂದ ಆಯ್ದು ತಂದವು. ಒಂದು ಕಡೆ ಗೋಡೆಯ ದೊಡ್ಡ ಭಾಗವೇ ಕಪ್ಪಾಗಿದೆ. ಅದು ಅಂದು ಬೀಳದೆ ನಿಂತ ಗೋಡೆ. ಬೆಂಕಿಯಿಂದಲೇ ಈ ಬಣ್ಣ ಬಂತೆಂದು ಬಹಳ ಜನ ತಿಳಿಯುತ್ತಾರೆ. ಆದರೆ ಅಲ್ಲಿನ ಮರಳುಗಲ್ಲಿನಲ್ಲಿ ಕಬ್ಬಿಣದ ಅಂಶವಿದೆ. ಗಾಳಿ ಮಳೆಗೆ ಅದು ತಾನಾಗಿಯೇ ಕಪ್ಪಾಗುತ್ತದೆ. ಹೊಸ ಕಲ್ಲುಗಳೂ ಕಾಲಕ್ರಮದಲ್ಲಿ ಕಪ್ಪಾಗಲಿವೆ. ಹಳತು ಹೊಸತು ಇಷ್ಟು ಸ್ಪಷ್ಟವಾಗಿ ಬೇರೆ ಬೇರೆ ಕಾಣುವುದು ನಮ್ಮ ಕಾಲದವರಿಗೇ, ಆದ್ದರಿಂದ ಈಗಲೇ ನೋಡಬೇಕು.

ಅವಶೇಷದಲ್ಲಿ ಸಿಕ್ಕ ಹಳೆಯ ಶಿಲುಬೆ, ಸೊಟ್ಟಗಾದ ಸ್ಥಿತಿಯಲ್ಲೇ, ಒಳಗಿದೆ. ಗುಮ್ಮಟದ ಮೇಲಿನ ಹೊಸದನ್ನು ಮಾಡಿದವರು ಲಂಡನ್ನಿನ ಆಲನ್ ಸ್ಮಿತ್. ಅವರ ತಂದೆ ಡ್ರೆಸ್ಡೆನ್ ದಾಳಿಯಲ್ಲಿದ್ದ ವಿಮಾನದ ಪೈಲಟ್. ಇದನ್ನು ತಿಳಿದು ಮೇಲೆ ನೋಡಿದರೆ ಎದೆ ತುಂಬಿ ಬರುತ್ತದೆ. ಗುಮ್ಮಟ ಹತ್ತಲು ಸ್ವಲ್ಪ ದೂರ ಲಿಫ್ಟ್ ಇದೆ, ಆಮೇಲೆ ಇಳಿಜಾರಿನ ಸುತ್ತುದಾರಿ, ಕಡಿದಾದ ಮೆಟ್ಟಿಲು, ಮಂಡಿನೋವಿದ್ದರೆ ಬೇಡ.

ಸುತ್ತಲ ಚೌಕದ ಮನೆಗಳ ಮುಖ ಮಾತ್ರ ಹಳೆಯ ಮಾದರಿಯದು. ಅವು ನನಗೆ ಅಷ್ಟು ಹಿಡಿಸವು. ಹತ್ತಿರದಲ್ಲೇ, ಮೈಸೆನ್ ಪಿಂಗಾಣಿ ಬಿಲ್ಲೆಗಳಲ್ಲಿ ಸ್ಯಾಕ್ಸನಿಯ ಅರಸರ ಮೆರವಣಿಗೆಯನ್ನು ಮೂಡಿಸಿದ 102 ಮೀಟರ್ ಉದ್ದದ ಗೋಡೆಯಿದೆ. ದಾಳಿಯಲ್ಲಿ ಅದಕ್ಕೆ ಹೆಚ್ಚು ಪೆಟ್ಟಾಗಲಿಲ್ಲ.

ಕೊನೆಗೆ ಟ್ಸ್ವಿಂಗರ್ ಅರಮನೆ. ಅಲ್ಲಿನ ಚಿತ್ರಶಾಲೆಯಲ್ಲಿ ರಾಫೆಲ್‌ನ ಸಿಸ್ಟೈನ್ ಮಡೋನ್ನದ ಮುಂದೆ ಜನ ಮುಗಿಬೀಳುತ್ತಾರೆ. ನೀವು ಬೆಲೋಟ್ಟೊ 18ನೇ ಶತಮಾನದಲ್ಲಿ ಬರೆದ ಡ್ರೆಸ್ಡೆನ್‌ನ ಚಿತ್ರಗಳಿಗೂ ಸಮಯ ಕೊಡಿ. ಆಮೇಲೆ ಆಗಸ್ಟಸ್ ಸೇತುವೆ ದಾಟಿ ಎಲ್ಬೆಯ ಆಚೆ ದಡದಿಂದ ಊರನ್ನು ನೋಡಿ, ಚಿತ್ರದೊಂದಿಗೆ ಹೋಲಿಸಬಹುದು. ಸೋಮವಾರ ಚಿತ್ರಶಾಲೆಗೆ ರಜೆ. ಬೇರೆ ದಿನ ಹೊರಡಿ.