ದನದ ಮನಿಗೆ ಶಟರ್ ಹಾಕಸೂ ಮೊದಲ

ತಮ್ಮಾ, ನಿನ್ನೆ ಫೋನಿನ್ಯಾಗ ನೀ ಅಂದದ್ದು ಒಂದಽ ಮಾತು: "ದೊಡ್ಡಪ್ಪಾ, ದನದ ಮನಿ ಬಾಗಿಲ ಕಿತ್ತು ಶಟರ್ ಹಾಕಸ್ತೀನಿ, ನರಗುಂದಕ್ಕ ಹೋಗಿ ರೇಟ್ ಕೇಳಿ ಬಂದೀನಿ." ಎತ್ತು ಮಾರಿ ಎಷ್ಟೋ ವರ್ಷ ಆತು, ಈಗ ಅಲ್ಲಿ ಟ್ರ್ಯಾಕ್ಟರ್ ನಿಂದರತೈತಿ, ಮೂಲ್ಯಾಗ ಒಂದು ಎಮ್ಮಿ. ಆದ್ರೂ ಅದು ನಮಗ ದನದ ಮನೀನಽ. ಆ ತಗಡಿನ ಬಾಗಿಲ ಜೋತು ಬಿದ್ದು ನೆಲಾ ಕೆರಿಯೂದು ನಾನೂ ನೋಡೀನಿ. ಬದಲಿ ಮಾಡಾಕಽ ಬೇಕು. ಆದ್ರ ನೀ ರೇಟಿನಿಂದ ಚಾಲೂ ಮಾಡಿದಿ. ಹಂಗ ಮಾಡಿ ಕೆಟ್ಟಾಂವ ನಾನು, ಅದಕ್ಕ ಹೇಳಾಕತ್ತೀನಿ.

ನಮ್ಮ ಚಿಕ್ಕನರಗುಂದದ್ದು ಎರಿ ನೆಲ. ಬ್ಯಾಸಿಗ್ಯಾಗ ಮೊಳಕೈ ಮಟ ಕೈ ಹೋಗೂವಂಥಾ ಬಿರಕು, ಮಳಿ ಬಿದ್ರ ನಾದಿದ ಹಿಟ್ಟಿನಂಗ ಉಬ್ಬತೈತಿ. ಅದರ ಮ್ಯಾಲಿನ ಗ್ವಾಡಿ ಅದರ ಜೋಡಿನಽ ಏಳತೈತಿ, ಕೂಡತೈತಿ. ಹಿಂದಿನ ಮಣ್ಣಿನ ಗ್ವಾಡಿ, ಕಟಿಗಿ ಚೌಕಟ್ಟು ಇದನ್ನ ತಡಕೋತಿದ್ವು. ಬಾಗಿಲ ಬಿಗಿ ಆದ್ರ ಬಡಿಗ್ಯಾ ಬಂದು ನಾಕು ಸರ್ತಿ ಹತ್ತರಿ ಹೊಡದ್ರ ಮುಗೀತು. ಶಟರಿಂದು ಹಂಗಲ್ಲ. ಅದು ಓಡೂದು ಎರಡು ಕಬ್ಬಿಣದ ಚಾನೆಲ್ಲಿನ್ಯಾಗ, ಅವೆರಡರ ನಡುವಿನ ಅಂತರ ಮ್ಯಾಲಿಂದ ಕೆಳಗಿನ ತನಕ ಒಂದಽ ಇರಬೇಕು. ಒಂದು ಬಾಜೂ ಗ್ವಾಡಿ ಸ್ವಲ್ಪ ವಾಲಿದ್ರೂ ಪಟ್ಟಿ ಹಲ್ಲು ಕಚ್ಚಿ ಕೂತು ಬಿಡತಾವ.

ನಮ್ಮ ಶೆಡ್ಡಿಗೆ ಹಾಕಸಿದಾಗ ಆದದ್ದು ಇದಽ. ಅಂಗಡಿಯಾಂವ ಬಂದ, ಅಡ್ಡ ಅಳದ, ಉದ್ದ ಅಳದ, ಹಳೇ ಗ್ವಾಡಿಗೇ ಬೋಲ್ಟ್ ಬಡದು ಸುತ್ತಲೂ ಸಿಮೆಂಟ್ ಬಳದು ಹೋದ. ಎರಡು ಮಳಿಗಾಲ ಚಂದ ನಡೀತು. ಮೂರನೇ ವರ್ಷ ಮಿರಗದ ಮಳಿ ಜೋರ ಆತು. ಹೆಸರು ಬಿತ್ತಬೇಕು, ಹದ ಹೋಗಾಕತ್ತೈತಿ, ಟ್ರ್ಯಾಕ್ಟರ್ ಒಳಗ, ಶಟರ್ ಮೊಳಕಾಲ ಮಟ ಎದ್ದದ್ದು ಮುಂದ ಏಳವಲ್ದು. ಎಂಟು ಮಂದಿ ಹಾರಿ ಹಾಕಿ ಎಬ್ಬಿಸಿದ್ವಿ, ಪಟ್ಟಿ ಮುರದು ಹೋದ್ವು, ಬಿತ್ತಿಗಿ ಎರಡು ದಿನ ಹಿಂದ ಬಿತ್ತು. ಅಂಗಡಿಯಾಂವನ್ನ ಬೈದೆ, ಖರೆ. ಆದ್ರ ಗ್ವಾಡಿ ನೆಟ್ಟಗೈತೇನಂತ ದಾರದ ಗುಂಡು ಬಿಟ್ಟು ನೋಡು ಅಂತ ಹೇಳಬೇಕಾದಾಂವ ಮನಿ ಮಾಲಕ, ಅಂದ್ರ ನಾನು.

ಹಿಂಗಾಗಿ ನೀ ಮೊದಲ ಗೌಂಡಿನ್ನ ಕರಿ. ಎರಡೂ ಕಡೆ ಗುಂಡು ಬಿಡಸು. ಆಮ್ಯಾಲೆ ಟೇಪು ಹಿಡದು ಮೂಲಿಯಿಂದ ಮೂಲಿಗೆ ಓರಿ ಅಳಿ, ಎಡಗಡೆ ಮ್ಯಾಲಿಂದ ಬಲಗಡೆ ಕೆಳಕ್ಕ, ಬಲಗಡೆ ಮ್ಯಾಲಿಂದ ಎಡಗಡೆ ಕೆಳಕ್ಕ. ಎರಡೂ ಸಮ ಬಂದ್ರ ಚೌಕ ನೆಟ್ಟಗೈತಿ. ಈಗಿನ ಬ್ಯಾಸಿಗಿ ಅಳತಿ ಗ್ವಾಡಿ ಮ್ಯಾಲೆ ಬರದಿಡು, ಮಳಿ ಹಿಂದಾದ ಮ್ಯಾಲೆ ಮತ್ತ ಅಳಿ. ಅಷ್ಟು ತಡೀಲಾರದಷ್ಟು ಅವಸರ ಇದ್ರ ಆ ಗ್ವಾಡಿ ನಂಬಬ್ಯಾಡ, ಎರಡು ಕಾಲಂ ನಿಲ್ಲಸು. ಎರಿ ತೆಗಸಿ ಗಟ್ಟಿ ನೆಲ ಹತ್ತೂ ತನಕ ತೋಡಸು, ಗರಸು ತುಂಬಿ ನೀರು ಹೊಡದು ಬಡಸು. ಹೊಸ್ತಲದ ಅಡಿ ಒಂದು ಬೀಮ್, ನೆತ್ತಿ ಮ್ಯಾಲೊಂದು. ನಾಕೂ ಕೂಡಿ ಒಂದಽ ಕಟ್ಟು ಆಗಬೇಕು. ನೆಲ ಎದ್ರ ಕೂಡಿ ಏಳಬೇಕು, ಕುಂತ್ರ ಕೂಡಿ ಕೂಡಬೇಕು. ಹಾಂ, ನಿಮ್ಮ ಬಚ್ಚಲ ನೀರು ಆ ಬುಡಕ್ಕಽ ಹರೀತೈತಲ್ಲ, ಅದನ್ನ ಮೊದಲ ತಿರುವು.

ಇನ್ನ ಅಗಲ, ಎತ್ತರದ ಮಾತು. ನಿಮ್ಮಜ್ಜ ಆ ಬಾಗಿಲ ಇಟ್ಟಾಗ ಅಳತಿ ಅಂದ್ರ ಎತ್ತಿನ ಕೊಂಬು ತಾಗಬಾರದು ಅನ್ನೂದು ಅಷ್ಟಽ. ಆಮ್ಯಾಲೆ ನವಿಲುತೀರ್ಥದ ಕಾಲುವಿ ನೀರು ಬಂತು. ಮುಂದ ಎತ್ತಿನ ಜಾಗಾದಾಗ ಟ್ರ್ಯಾಕ್ಟರ್ ಬಂತು, ಬಾಗಿಲ ಮಾತ್ರ ಕೊಂಬಿನ ಅಳತೀದಽ ಉಳೀತು. ಈಗ ಹಿಂದ ರೋಟಾವೇಟರ್ ಕಟ್ಟಿ ಅಗಲ ಅಳಿ, ಸೈಲೆನ್ಸರ್ ತುದಿ ತನಕ ಎತ್ತರ ಅಳಿ. ಶಟರಿನ ಸುರುಳಿ ಮ್ಯಾಲೆ ಅಡಿ, ಒಂದೂವರಿ ಅಡಿ ಜಾಗಾ ತಿಂತೈತಿ, ಅದನ್ನ ಅಂಗಡ್ಯಾಗ ಯಾರೂ ತಾವಾಗಿ ಹೇಳೂದಿಲ್ಲ. ಗೇಜ್ ಅನ್ನೂದೂ ಉಲ್ಟಾ ಲೆಕ್ಕ: 20 ಗೇಜಿನಕ್ಕಿಂತ 18 ಗೇಜಿನ ತಗಡು ದಪ್ಪ. ಸುರುಳಿ ಒಳಗಿನ ಸ್ಪ್ರಿಂಗು ಬಿಗಿದಿಟ್ಟ ಬಿಲ್ಲು ಇದ್ದಂಗ, ಕೆಟ್ರ ನೀನಽ ಬಿಚ್ಚಾಕ ಹೋಗಬ್ಯಾಡ.

ಮೋಟರ್ ಶಟರ್ ಬೇಕಂತೀಯೇನು? ಅಮೆರಿಕಾದಾಗ 1993ರಿಂದ ಈಚೆ ತಯಾರಾದ ಮನಿ ಗ್ಯಾರೇಜಿನ ಮೋಟರಿಗೆ, ಬಾಗಿಲದಡಿ ಕೂಸು ಸಿಕ್ರ ತಾನಽ ತಿರುಗಿ ಮ್ಯಾಲೆ ಹೋಗೂ ಏರ್ಪಾಡು ಕಡ್ಡಾಯ. ಅಂಥಾದ್ದು ಇರಲಾರದ ಮೋಟರನ್ನ ಹುಡುಗೂರು ಆಡೂ ಅಂಗಳಕ್ಕ ತರಬ್ಯಾಡ. ಕರೆಂಟ್ ಹೋದಾಗ ಕೈಲೆ ಎತ್ತೂ ಸರಪಳಿ ಐತೋ ಇಲ್ಲೋ ಅನ್ನೂದನ್ನೂ ಕೇಳು.

ಇಷ್ಟೆಲ್ಲಾ ಹೇಳಿದ ಮ್ಯಾಲೆ ಒಂದು ಮಾತು ಕೇಳತೀನಿ: ಆ ಬಾಗಿಲ ದಿನಾ ತೆಗಿಯೂದು ಯಾರು? ನೀ ಅಲ್ಲ. ನಿಮ್ಮವ್ವ ನಸುಕಿನ್ಯಾಗ ಎಮ್ಮಿ ಹಿಂಡಾಕ ಹೋಗತಾಳ. ಅಕಿ ಮೊಳಕಾಲ ನೋವಿನ್ಯಾಗ ನೆಲದ ಮಟ ಬಗ್ಗಿ ಶಟರಿನ ಹಿಡಿಕಿ ಎತ್ತಬೇಕೇನು? ನನ್ನ ಕೇಳಿದ್ರ ಕಬ್ಬಿಣದ ಎರಡು ಪಡಕಿನ ಬಾಗಿಲ ಮಾಡಸು, ಒಂದು ಪಡಕಿನ್ಯಾಗ ಮನಶಾ ಹೋಗೂವಷ್ಟು ದಿಡ್ಡಿ ಬಾಗಿಲ ಇಡಸು, ವಾಡೇದ ಬಾಗಿಲಕ್ಕ ಇರತೈತಲ್ಲ, ಹಂಗ. ಕೀಲು ಸಡಿಲಾದ್ರ ಊರಾಗಿನ ವೆಲ್ಡಿಂಗಿನಾಂವ ಬಂದು ಎತ್ತಿ ಕೂಡಸ್ತಾನ. ಪಡಕು ಓಣಿಗೆ ತೆರದ್ರ ಹಾದು ಹೋಗೂ ಗಾಡಿಗೆ ತಾಗತಾವ, ಒಳಗ ತೆರೀಲಿ. ಆಷಾಢದ ಗಾಳಿಗೆ ಬಡಕೋಬಾರದಂದ್ರ ನೆಲಕ್ಕ ಇಳಿಯೂ ಚಿಲಕಾ, ಗ್ವಾಡಿಗೆ ಕೊಕ್ಕಿ ಬೇಕಽ ಬೇಕು. ಮ್ಯಾಲಿನ ಎರಡಡಿ ತಗಡು ಬ್ಯಾಡ, ಜಾಳಗಿ ಇರಲಿ. ಎಮ್ಮಿಗೆ ಗಾಳಿ, ಸುಗ್ಗ್ಯಾಗ ನೀ ಹರವೂ ಉಳ್ಳಾಗಡ್ಡಿಗೂ ಗಾಳಿ. ಹಂಗಂತ ಬಾಗಿಲ ಹಾಕ್ಕೊಂಡು ಟ್ರ್ಯಾಕ್ಟರ್ ಚಾಲೂ ಮಾಡಬ್ಯಾಡ ಮತ್ತ, ಆ ಹೊಗಿ ಮಂದೀನ್ನ ಸದ್ದಿಲ್ಲದಽ ಕೊಲ್ಲತೈತಿ.

ಬರೂ ಐತವಾರ ನಾನಽ ಬರತೀನಿ, ಟೇಪೂ ಗುಂಡೂ ನನ್ನ ಹತ್ರ ಅದಾವ. ಅಲ್ಲೀತನಕ ಹಳೇ ಬಾಗಿಲಕ್ಕ ಒಂದು ಹೊಸಾ ಕೀಲು ಹಾಕಸು, ಮತ್ತ ಅಡ್ವಾನ್ಸ್ ಕೊಟ್ಟೀಯೋ ಇಲ್ಲೋ ಅನ್ನೂದನ್ನ ಖರೇ ಹೇಳು.